‘ಎಲ್ಲಿ’ ಅಂತ ಕೇಳಬಹುದು

ಆ ಕಚೇರಿಯಲ್ಲಿ ಹೊರಗಿನಿಂದ ಬಂದವರು ಕೂರಲು ಜಾಗ ಇದ್ದದ್ದು ಒಂದೇ ಮೇಜಿನ ಪಕ್ಕ. ಅದೂ ಕುರ್ಚಿಯಲ್ಲ, ಮರದ ಸ್ಟೂಲು. ಅದರ ಒಂದು ಕಾಲು ಗಿಡ್ಡ. ಯಾರೇ ಬಂದರೂ ಆ ಮೇಜಿನವರು ಮೊದಲು ಹೇಳುತ್ತಿದ್ದದ್ದು, “ಕೂಡ್ರಿ. ಸ್ವಲ್ಪ ಬಲಕ್ಕೆ ಭಾರ ಹಾಕಿ ಕೂಡ್ರಿ.” ಬಂದವರು ಅವಸರದಲ್ಲಿದ್ದು “ಇರ್ಲಿ ಬಿಡ್ರಿ, ನಿಂತೇ ಕೇಳ್ತೀನಿ” ಎಂದರೆ ಬಿಡುತ್ತಿರಲಿಲ್ಲ. “ನಿಂತ್ಕೊಂಡು ಕೇಳಿದ್ರೆ ನಿಂತಲ್ಲೇ ಏನೋ ಒಂದು ಹೇಳಿ ಕಳಿಸಿಬಿಡ್ತಾರೆ. ಕೂತ್ಕೊಂಡು ಕೇಳ್ರಿ.”

ದಾವಣಗೆರೆಯಲ್ಲಿ ಬೀದಿದೀಪ, ನಲ್ಲಿನೀರು, ಕಸ, ಸ್ಮಶಾನ ಎಲ್ಲ ನೋಡಿಕೊಳ್ಳುವ ಕಚೇರಿಯಲ್ಲಿ ಅವರು ಗುಮಾಸ್ತರಾಗಿದ್ದರು. ಮಾಹಿತಿ ಹಕ್ಕಿನ ಅರ್ಜಿಗಳು ಬಂದು ಬೀಳುತ್ತಿದ್ದದ್ದು ಅವರ ಮೇಜಿನ ಮೇಲೆ. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅವರು ಬರೆದ ಉತ್ತರಗಳಲ್ಲೂ ಅವರ ಹೆಸರು ಇರುತ್ತಿರಲಿಲ್ಲ. ಕೆಳಗೆ ಸಾಹೇಬರ ಸಹಿ, ಸೀಲು. ಬರೆದವರ ಗುರುತು ಅಂತ ಮೂಲೆಯಲ್ಲಿ ಇರುವೆಯಷ್ಟು ಒಂದು ಗೀಟು. ಅಷ್ಟೇ ಅವರದು.

ನಾನು ಹರಿಹರದವಳು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ, ಮನೆಯಲ್ಲಿ ಬ್ಲೌಸು ಹೊಲಿಯುತ್ತೇನೆ. ನಮ್ಮ ಮನೆಯವರು ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ನಮಗೆ ಮಕ್ಕಳಿಲ್ಲ. ಕೊರೊನಾ ಎರಡನೇ ಸಲ ಬಂದಾಗ ಇಬ್ಬರಿಗೂ ಜ್ವರ ಬಂತು. ನನ್ನದು ಮನೆಯಲ್ಲೇ ಇಳಿಯಿತು. ಅವರನ್ನು ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಮ್ಮ ಓಣಿಗೆ ಅಡ್ಡ ಗಳ ಕಟ್ಟಿದ್ದರು, ನಾನು ಹೊರಗೆ ಬರುವಂತಿರಲಿಲ್ಲ. ಆಸ್ಪತ್ರೆಯಿಂದ ಫೋನು ಬಂತು, ಹೋಗಿಬಿಟ್ಟಿದ್ದಾರೆ ಅಂತ. ದಾವಣಗೆರೆಯ ಕಚೇರಿಯವರೇ ಮಣ್ಣು ಮಾಡುತ್ತಾರೆ, ನೀವು ಬರಬೇಡಿ ಅಂತಲೂ ಹೇಳಿದರು.

ಆಮೇಲೆ ಮರಣ ಪ್ರಮಾಣಪತ್ರ ಕೊಟ್ಟರು. ಅದರಲ್ಲಿ ಸತ್ತ ದಿನ ಇತ್ತು, ಆಸ್ಪತ್ರೆಯ ಹೆಸರಿತ್ತು. ಎಲ್ಲಿ ಮಣ್ಣು ಮಾಡಿದರು ಅನ್ನುವುದಿರಲಿಲ್ಲ. ಕೇಳಿದವರೆಲ್ಲ “ಸ್ಮಶಾನದಾಗೆ” ಎನ್ನುತ್ತಿದ್ದರು. ಸ್ಮಶಾನದಾಗೆ ಎಲ್ಲಿ ಎಂದರೆ ನನ್ನ ಮುಖ ನೋಡುತ್ತಿದ್ದರು. ಪಕ್ಕದ ಮನೆಯಾಕೆ ಹೇಳಿದಳು, ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಹೇಳಲೇಬೇಕಂತೆ ಅಂತ. ಪೋಸ್ಟಾಫೀಸಿನಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತೆಗೆದುಕೊಂಡು, ಅರ್ಜಿ ಬರೆದುಕೊಂಡು, ದಾವಣಗೆರೆ ಬಸ್ಸು ಹತ್ತಿದೆ.

ಆ ಗುಮಾಸ್ತರನ್ನು ನಾನು ಮೊದಲು ನೋಡಿದ್ದು ಆ ದಿನ. ಮಧ್ಯಾಹ್ನದ ಹೊತ್ತು. ಪೇಪರಿನ ಮೇಲೆ ಮಂಡಕ್ಕಿ ಸುರುವಿಕೊಂಡು ಒಂದು ಕೈಯಲ್ಲಿ ತಿನ್ನುತ್ತ ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದರು. ಕೂಡಿಸಿದರು. ಬಲಕ್ಕೆ ಭಾರ ಹಾಕಿಸಿದರು. ಕೈ ಒರೆಸಿಕೊಂಡು ಅರ್ಜಿ ತೆಗೆದುಕೊಂಡರು.

“ಎಷ್ಟು ಹಾಳೆ ಅಮ್ಮ ಇದು?”

“ನಾಲ್ಕು ಸರ್ರ.”

“ನೂರೈವತ್ತು ಪದದಾಗೆ ಇರಬೇಕು. ಒಂದೇ ವಿಷಯ ಇರಬೇಕು. ಹಂಗಂತ ರೂಲ್ಸ್ ಐತೆ.”

“ಒಂದೇ ವಿಷಯ ಐತಲ್ರಿ.”

ಅವರು ನಾಲ್ಕೂ ಹಾಳೆ ಓದಿದರು. ನಡುವೆ ಯಾರೋ ಬಂದು “ಸಾಹೇಬ್ರು ಕರೀತಾರೆ” ಎಂದರೂ ಏಳಲಿಲ್ಲ. ಓದಿ ಮುಗಿಸಿ ಪೆನ್ಸಿಲ್ ತೆಗೆದುಕೊಂಡು ಮತ್ತೆ ಮೊದಲಿಂದ ಶುರು ಮಾಡಿದರು, ಈ ಸಲ ನನಗೆ ಕೇಳುವ ಹಾಗೆ.

“‘ನಮ್ಮ ಮನೆಯವರಿಗೆ ತಣ್ಣೀರು ಕುಡಿದು ಅಭ್ಯಾಸವಿಲ್ಲ. ಅಲ್ಲಿ ಅವರಿಗೆ ನೀರು ಕಾಯಿಸಿ ಕೊಟ್ಟವರು ಯಾರು.’ ಇದು ಆಸ್ಪತ್ರೆಯೋರಿಗೆ ಹೋಗಬೇಕಮ್ಮ, ನಮಗಲ್ಲ. ತೆಗೀಲಾ?”

“ತೆಗೀರಿ.”

“‘ಅವರ ಕೈಯಲ್ಲಿ ಬೆಳ್ಳಿ ಉಂಗುರ ಇತ್ತು, ಅದು ನನಗೆ ಬೇಕಾಗಿಲ್ಲ.’ ಇದು ಪ್ರಶ್ನೆ ಅಲ್ಲಲ್ರಿ?”

“ಅಲ್ರಿ.”

“ಪ್ರಶ್ನೆ ಅಲ್ಲದ್ದಕ್ಕೆ ಉತ್ತರ ಕೊಡಕ್ಕಾಗಲ್ಲ. ತೆಗೀಲಾ?”

“ತೆಗೀರಿ.”

“‘ನನಗೆ ಒಂದು ಸಲ ಮುಖ ಯಾಕೆ ತೋರಿಸಲಿಲ್ಲ.’” ಅಷ್ಟು ಓದಿ ಪೆನ್ಸಿಲ್ ಕೆಳಗಿಟ್ಟರು. ಹೊರಗೆ ಯಾವುದೋ ಗಾಡಿ ಹಾರನ್ ಹೊಡೆಯುತ್ತಿತ್ತು. ಅದು ನಿಲ್ಲಲಿ ಅನ್ನುವ ಹಾಗೆ ಕಾದು, ಮೆಲ್ಲಗೆ ಹೇಳಿದರು. “‘ಯಾಕೆ’ ಅಂತ ಕೇಳಂಗಿಲ್ಲಮ್ಮ ಇದರಾಗೆ. ‘ಎಲ್ಲಿ’ ಅಂತ ಕೇಳಬಹುದು. ‘ಯಾವಾಗ’ ಅಂತ ಕೇಳಬಹುದು. ‘ಯಾಕೆ’ ಅನ್ನೋದಕ್ಕೆ ನಮ್ಮ ಹತ್ರ ಫೈಲ್ ಇರಲ್ಲ.”

ಕೊನೆಗೆ ನನ್ನ ನಾಲ್ಕು ಹಾಳೆಯಲ್ಲಿ ಉಳಿದದ್ದು ಒಂದು ಸಾಲು: ಇಂಥ ದಿನ ತೀರಿಕೊಂಡ ಇಂಥವರನ್ನು ಸ್ಮಶಾನದ ಯಾವ ಜಾಗದಲ್ಲಿ ಮಣ್ಣು ಮಾಡಲಾಗಿದೆ, ತಿಳಿಸಿರಿ. ಹೊಸ ಹಾಳೆಯಲ್ಲಿ ಅದನ್ನು ನನ್ನ ಕೈಲೇ ಬರೆಸಿದರು. ಹಳೆಯ ನಾಲ್ಕನ್ನು ಮಡಚಿ ವಾಪಸು ಕೊಟ್ಟರು. “ಹರೀಬ್ಯಾಡ್ರಿ ಮತ್ತೆ. ಚೆನ್ನಾಗಿ ಬರೆದೀರಿ.”

ಗಂಡ ಹೋದ ಮೇಲೆ ನನ್ನ ಮಾತನ್ನು ಪೂರ್ತಿ ಓದಿದ ಮೊದಲ ಮನುಷ್ಯರು ಅವರು.

ಆ ಕಚೇರಿಯಲ್ಲಿ ಅವರ ಮೇಜಿಗೆ ‘ಕಿರಿಕಿರಿ ಸೆಕ್ಷನ್’ ಎಂದು ಹೆಸರಿತ್ತು. ಅರ್ಜಿ ಹಿಡಿದು ಬರುವವರನ್ನು ಕಂಡರೆ ಉಳಿದವರು ಫೈಲಿನೊಳಗೆ ತಲೆ ಹಾಕುತ್ತಿದ್ದರು. ನೆಲ ಒರೆಸುವ ಆಯಾ ಮಾತ್ರ ಜೋರಾಗಿ, “ಬಂದ್ರು ನೋಡ್ರಿ ನಿಮ್ಮ ಬೀಗ್ರು!” ಎಂದು ಅವರನ್ನು ಕೂಗುತ್ತಿದ್ದಳು. ಬೀಗರಲ್ಲಿ ತಪ್ಪದೆ ಬರುತ್ತಿದ್ದವರು ರಿಟೈರಾದ ಮೇಷ್ಟ್ರು ಒಬ್ಬರು. ತಮ್ಮ ಬೀದಿಯ ದೀಪಗಳ ಬಗ್ಗೆ ತಿಂಗಳಿಗೊಂದು ಅರ್ಜಿ ಹಾಕುತ್ತಿದ್ದರು.

“ಏನ್ ಮೇಷ್ಟ್ರೇ, ಹೋದ ತಿಂಗಳು ಉರೀತಿದ್ವಲ್ಲ, ಈ ತಿಂಗಳೂ ಉರೀತಾವೆ.”

“ಬರೆದು ಕೊಡ್ರಿ.”

“ಬರೆದು ಕೊಟ್ರೆ ಬೆಳಕು ಜಾಸ್ತಿ ಆಗುತ್ತೇನ್ರಿ?”

“ನನಗೆ ನಿದ್ದಿ ಜಾಸ್ತಿ ಆಗುತ್ತೆ. ಬರೆದು ಕೊಡ್ರಿ.”

ಅವರು ಬರೆದು ಕೊಡುತ್ತಿದ್ದರು. ಕೊಡುವ ಮೊದಲು ಓದಿ ಹೇಳುತ್ತಿದ್ದರು. ಅದು ಅವರ ಪದ್ಧತಿ. ಅಂಚೆಗೆ ಹಾಕುವುದು ಹೇಗೂ ಇತ್ತು, ಆದರೆ ಹತ್ತಿರದವರಾದರೆ ಫೋನ್ ಮಾಡಿ ಕರೆಸಿ, ಕೂಡಿಸಿ, ಓದುತ್ತಿದ್ದರು. ‘ಸದರಿ’, ‘ಮೇಲ್ಕಂಡ’, ‘ನಿಯಮಾನುಸಾರ’ ಎಂಬಲ್ಲೆಲ್ಲ ನಿಂತು, ಅದು ಮನೆ ಮಾತಿನಲ್ಲಿ ಏನು ಅಂತ ಹೇಳುತ್ತಿದ್ದರು. “ಇಲ್ಲ ಅಂತ ಹೇಳೋದಾದ್ರೆ ಮುಖ ನೋಡಿ ಹೇಳಬೇಕು. ಪೋಸ್ಟ್‌ಮ್ಯಾನ್ ಕೈಯಾಗೆ ಹೇಳಿ ಕಳಿಸಬಾರದು.”

ನನ್ನ ಮುಖ ನೋಡಿಯೂ ಅದನ್ನೇ ಓದಿದರು. “ತಾವು ಕೋರಿರುವ ಮಾಹಿತಿಯು ಈ ಕಚೇರಿಯ ದಾಖಲೆಗಳಲ್ಲಿ ಲಭ್ಯವಿರುವುದಿಲ್ಲ.”

“ಅಂದ್ರೆ ಗೊತ್ತಿಲ್ಲ ಅಂತನಾ ಸರ್ರ?”

“ಕಾಗದದಾಗೆ ಇಲ್ಲ ಅಂತ. ಆ ದಿನದ್ದು ಸ್ಮಶಾನದ ಹೆಸರು ಐತೆ, ಜಾಗ ಬರೆದಿಲ್ಲ. ಯಾರೂ ಬರೀಲಿಲ್ಲಮ್ಮ ಆವಾಗ.” ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ಸ್ವರ ತಗ್ಗಿಸಿದರು. “ಮೇಲ್ಮನವಿ ಹಾಕ್ರಿ.”

“ಯಾರ ಮೇಲೆ?”

“ನನ್ನ ಮೇಲೆ. ಈ ಉತ್ತರ ಸಾಲದು ಅಂತ ಹಾಕ್ರಿ. ಹಾಕಿದ್ರೆ ಜಾಗಕ್ಕೆ ಹೋಗಿ ವಿಚಾರಿಸಿ ಬಾ ಅಂತ ನನಗೆ ಆರ್ಡರ್ ಮಾಡ್ತಾರೆ. ಇಲ್ಲಾಂದ್ರೆ ನಾನು ಸೀಟು ಬಿಟ್ಟು ಹೋಗಂಗಿಲ್ಲ.”

ಅವರ ಮೇಲೇ ಮೇಲ್ಮನವಿ ಹಾಕಿದೆ. ವಿಚಾರಣೆಯ ದಿನ ಮೇಲಿನ ಅಧಿಕಾರಿ ನನ್ನೆದುರಿಗೇ ಅವರನ್ನು ಗದರಿಸಿದರು. “ಒಬ್ಬ ಹೆಣ್ಮಗಳಿಗೆ ಸರಿಯಾಗಿ ಉತ್ತರ ಕೊಡಕ್ಕಾಗಲ್ವೇನ್ರಿ ನಿಮಗೆ?” ಅವರು ಕೈ ಕಟ್ಟಿಕೊಂಡು “ತಪ್ಪಾಯ್ತು ಸರ್” ಎಂದರು. ಹೊರಗೆ ಬಂದ ಮೇಲೆ ನನಗೆ ಹೇಳಿದರು, “ಆತು, ಆರ್ಡರ್ ಆತು. ನಾಡಿದ್ದು ಬರ್ರಿ, ಹೋಗಣ.”

ಸ್ಮಶಾನದ ಹಿಂಭಾಗ ಜಾಲಿ ಬೆಳೆದಿತ್ತು. ಆ ದಿನಗಳಲ್ಲಿ ಜೆಸಿಬಿ ಓಡಿಸಿದವನನ್ನು ಹುಡುಕಿ ಕರೆದುಕೊಂಡು ಬಂದಿದ್ದರು. ಅವನು ಜಾಲಿ ಸರಿಸಿಕೊಂಡು ಮುಂದೆ ಹೋಗಿ ಒಂದು ಕಡೆ ನಿಂತ. ಸಾಲಾಗಿ ಮೂರು ಮಣ್ಣಿನ ದಿಬ್ಬಗಳಿದ್ದವು.

“ಆವತ್ತು ಸಂಜಿಕೆ ಮೂವರನ್ನ ತಂದ್ರು ಸರ್ರ, ಒಂದೇ ಗಾಡಿಯಾಗೆ. ಗುಂಡಿ ತೆಗೆದಿದ್ದು ನಾನೇ, ಇವೇ ಮೂರು. ಯಾರನ್ನ ಯಾವುದಕ್ಕೆ ಇಳಿಸಿದ್ರೋ ನೋಡಿಲ್ಲ. ಅಂಜಿಕೆ ಸರ್ರ, ಕ್ಯಾಬಿನ್ ಬಿಟ್ಟು ಇಳೀಲಿಲ್ಲ ನಾನು.”

“ಇಳಿಸಿದೋರು ಎಲ್ಲಿದಾರೆ?”

“ಬೇರೆ ಕಡೆಯಿಂದ ಬಂದಿದ್ದ ಹುಡುಗ್ರು. ಅವರಿಗಾದ್ರೂ ಏನು ಗೊತ್ತಿರುತ್ತೆ? ಮೂರೂ ಒಂದೇ ಥರ ಸುತ್ತಿದ್ರು.”

ನಾನು ನೋಡಿದೆ. ನಡುವಿನ ದಿಬ್ಬದ ಮೇಲೆ ತುಂಬೆ ಗಿಡ ಹುಟ್ಟಿತ್ತು, ಬಿಳಿ ಹೂವು ಬಿಟ್ಟಿತ್ತು. ನನ್ನ ಕಣ್ಣು ಅಲ್ಲಿಂದ ಆಚೆ ಹೋಗಲಿಲ್ಲ. “ನಡುವಿಂದಾ ಅಣ್ಣಾ?” ಎಂದೆ.

ಜೆಸಿಬಿಯವನು ನನ್ನ ಮುಖ ನೋಡಿದ. “ಹೂನ್ರಿ ಅಕ್ಕಾರ. ನಡುವಿಂದೇ ಇರಬೇಕು.”

“ಇರಬೇಕೋ, ಹೌದೋ?” ಎಂದರು ಅವರು.

“ನಡುವಿಂದೇ ಸರ್ರ.”

“ಯಾಕಪ್ಪ, ಈಗಿನ್ನ ಕ್ಯಾಬಿನ್ ಬಿಟ್ಟು ಇಳೀಲಿಲ್ಲ ಅಂದೆಲ್ಲ?”

ಅವನು ತಲೆ ತಗ್ಗಿಸಿದ. ನನಗೆ ಮೈ ಉರಿದುಹೋಯಿತು. “ಸರ್ರ, ನಿಮಗೇನ್ರಿ ಹೋಗೋದು? ನಡುವಿಂದು ಅಂತ ಬರೆದು ಕೊಡ್ರಿ. ಯಾರಿಗೂ ತೋರಿಸಲ್ಲ ನಾನು.”

“ಬರಿಯಕ್ಕೆ ಬರಲ್ಲಮ್ಮ.”

“ಬರೀಬ್ಯಾಡ್ರಿ, ಬಾಯಾಗೆ ಹೇಳ್ರಿ. ಒಂದು ಮಾತು.”

“ಬಾಯಾಗೂ ಬರಲ್ಲ.”

“ನಿಮ್ಮೋರು ಇದರಾಗೆ ಇದ್ದಿದ್ರೆ ಗೊತ್ತಾಗ್ತಿತ್ತು,” ಎಂದೆ. ಅವರು ಬಗ್ಗಿ ಚಪ್ಪಲಿಗೆ ಚುಚ್ಚಿದ್ದ ಜಾಲಿಮುಳ್ಳು ತೆಗೆಯುತ್ತಿದ್ದರು. ಬಹಳ ಹೊತ್ತು ತೆಗೆದರು. ನಾನು ಅವರ ಜೊತೆ ಆಟೋ ಹತ್ತದೆ ಬಸ್‌ಸ್ಟ್ಯಾಂಡಿಗೆ ನಡೆದುಕೊಂಡು ಹೋದೆ.

ಎರಡನೇ ಉತ್ತರ ಅಂಚೆಯಲ್ಲಿ ಬಂತು. ‘ಸದರಿ ಮೂರು ಸಮಾಧಿಗಳ ಪೈಕಿ ಒಂದು. ಯಾವುದೆಂದು ಖಚಿತಪಡಿಸಲು ಸಾಧ್ಯವಾಗಿರುವುದಿಲ್ಲ.’ ಓದಿ ಹೇಳಲು ಅವರು ಫೋನ್ ಮಾಡಿದ್ದರು. ನಾನು ಎತ್ತಿರಲಿಲ್ಲ.

ಆ ವರ್ಷ ಹಿರಿಯರ ಅಮಾವಾಸ್ಯೆಗೆ ಹೋಳಿಗೆ ಮಾಡಿ ಒಂದು ಎಡೆ ಕಟ್ಟಿಕೊಂಡು ಹೋದೆ. ಅವರು ಹೇಳದಿದ್ದರೇನು, ನನಗೆ ಗೊತ್ತು, ನಡುವಿನದೇ ಅಂತ ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅಲ್ಲಿ ಹೋಗಿ ನಿಂತಾಗ ಕೈ ಮುಂದೆ ಹೋಗಲಿಲ್ಲ. ಅಕಸ್ಮಾತ್ ನಮ್ಮ ಮನೆಯವರು ಆ ಕಡೆಯದರಲ್ಲಿದ್ದು, ನಾನು ನಡುವಿನದಕ್ಕೆ ಎಡೆ ಇಟ್ಟು ಹೋದರೆ? ಊಟದ ಹೊತ್ತಿಗೆ ತಟ್ಟೆ ಹಾಕುವುದು ತಡವಾದರೂ ಒಂದು ಮಾತಾಡದೆ ಕಾಯುತ್ತಿದ್ದ ಮನುಷ್ಯ ಅವರು. ಪಕ್ಕದವರಿಗೆ ಬಡಿಸಿದ್ದನ್ನು ನೋಡಿಕೊಂಡು ಸುಮ್ಮನೆ ಕೂತಿರುತ್ತಾರೆ. ಹೋಳಿಗೆಯನ್ನು ಮುರಿದು ಮೂರು ಕಡೆ ಇಟ್ಟೆ.

ಮರುವರ್ಷ ಮೂರು ಎಡೆ, ಮೂರು ತುಂಡು ಹೂವು ತೆಗೆದುಕೊಂಡು ಹೋದೆ. ಹೋಗಿ ನೋಡಿದರೆ ಜಾಲಿ ಕಡಿದು ದಾರಿಯಾಗಿತ್ತು. ನನಗಿಂತ ಮೊದಲು ಯಾರೋ ಬಂದು ಹೋಗಿದ್ದರು. ಮೂರೂ ದಿಬ್ಬಗಳ ಮೇಲೆ ಕನಕಾಂಬರ. ಮೂರರ ಮುಂದೆಯೂ ಬಾಳೆಎಲೆ ತುಂಡಿನಲ್ಲಿ ಕರಿಗಡುಬು, ಉರಿದು ಮುಗಿದ ಊದುಬತ್ತಿ. ಒಂದಕ್ಕೆ ಹೆಚ್ಚಿಲ್ಲ, ಒಂದಕ್ಕೆ ಕಡಿಮೆಯಿಲ್ಲ. ನಾನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ. ಇನ್ನ್ಯಾರೋ ಆ ಗಿಡ್ಡ ಕಾಲಿನ ಸ್ಟೂಲಿನ ಮೇಲೆ ಬಲಕ್ಕೆ ಭಾರ ಹಾಕಿ ಕೂತಿದ್ದಾರೆ. ಅವರಿಗೂ ಗುಮಾಸ್ತರು ಇದೇ ಉತ್ತರ ಓದಿ ಹೇಳಿದ್ದಾರೆ. ನನಗೆ ‘ನಡುವಿನದು’ ಎಂದು ಹೇಳಿ ಕಳಿಸಿದ್ದರೆ ಅವರಿಗೆ ಏನು ಹೇಳುತ್ತಿದ್ದರು?

ಮಾರನೇ ದಿನವೇ ಕಚೇರಿಗೆ ಹೋದೆ. ನಾನು ಬಾಗಿಲಲ್ಲಿ ಕಂಡದ್ದೇ ಅವರು, ನಿನ್ನೆ ತಾನೇ ಮಾತಾಡಿ ಹೋದವಳಿಗೆ ಹೇಳುವ ಹಾಗೆ, “ಬರ್ರಿ, ಕೂಡ್ರಿ,” ಎಂದರು.

“ಸರ್ರ, ಕನಕಾಂಬರದೋರು ಯಾರ್ರಿ?”

“ಯಾವ ಕನಕಾಂಬರ?”

ಹೇಳಿದೆ. ಅವರು ಪೆನ್ನು ಮುಚ್ಚಿಟ್ಟು ಪೂರ್ತಿ ಕೇಳಿಸಿಕೊಂಡರು. “ಅದು ಮೂರನೇ ವ್ಯಕ್ತಿಯ ಮಾಹಿತಿಯಮ್ಮ. ಕೊಡಂಗಿಲ್ಲ,” ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಆಮೇಲೆ ನಗು ಹೋಯಿತು. “ಇಬ್ಬರ ಕಡೆಯೋರು ಕೇಳ್ಕೊಂಡು ಬಂದ್ರಿ. ಇನ್ನೊಬ್ಬರದು ಯಾರೂ ಬಂದಿಲ್ಲ ಇನ್ನೂ. ನೋಡ್ತಾ ಇದೀನಿ.” ಆಯಾಗೆ ಎರಡು ಟೀ ಹೇಳಿದರು.

ಆಮೇಲೆ ದಾವಣಗೆರೆಗೆ ದಾರ, ಲೈನಿಂಗ್ ಬಟ್ಟೆ ತರಲು ಹೋದಾಗೆಲ್ಲ ಅಲ್ಲಿಗೂ ಹೋಗುತ್ತಿದ್ದೆ. ಹೆಚ್ಚು ಮಾತೇನಿಲ್ಲ. ಅವರು ಬರೆಯುತ್ತಿದ್ದರು, ನಾನು ಟೀ ಕುಡಿಯುತ್ತಿದ್ದೆ. ಮೂರನೆಯವರು ಬಂದರಾ ಎಂದು ಕೇಳುತ್ತಿದ್ದೆ. “ಇಲ್ಲ” ಎನ್ನುತ್ತಿದ್ದರು. ಅವರು ದೇವರಾಜ ಅರಸು ಬಡಾವಣೆಯಲ್ಲಿ ಒಂದು ರೂಮು ಮಾಡಿಕೊಂಡು ಒಬ್ಬರೇ ಇದ್ದರೆಂದು ಆಯಾಳಿಂದ ತಿಳಿಯಿತು. ಊರು ಆನಗೋಡಿನ ಕಡೆ, ತಮ್ಮ ಇದ್ದಾನೆ, ಹೊಲ ಇದೆ, ಇವರು ಹಬ್ಬಕ್ಕೂ ಹೋಗುವುದಿಲ್ಲ. ಯಾಕೆ ಎಂದು ಅವಳಿಗೂ ಗೊತ್ತಿರಲಿಲ್ಲ. ನಾನು ಅವರನ್ನು ಕೇಳಲಿಲ್ಲ. ಯಾಕೆ ಎಂದು ಕೇಳುವಂತಿಲ್ಲ ಎಂದು ಅವರೇ ಹೇಳಿಕೊಟ್ಟಿದ್ದರಲ್ಲ.

ರಿಟೈರಾದ ಮೇಲೆ ಒಂದು ಸಲ ಹರಿಹರಕ್ಕೆ ಬಂದಿದ್ದರು. ಹೊಳೆ ನೋಡಿ ಹೋಗೋಣ ಅನ್ನಿಸಿತಂತೆ. ನಮ್ಮ ಮನೆ ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. ಓಣಿಯ ಹೆಂಗಸರು ನೋಡುತ್ತಿದ್ದರು, ಅದಕ್ಕಿರಬೇಕು. ನಾನೇ ಒಂದು ಸ್ಟೂಲು ತಂದು ಹೊರಗೆ ಹಾಕಿ, “ಕೂಡ್ರಿ ಸರ್ರ. ಇದರ ಕಾಲು ಸರಿ ಐತೆ,” ಎಂದೆ.

ಕೂತರು. ಟೀ ಕುಡಿದರು. ನನ್ನ ಮಿಷನ್ನಿನ ಸದ್ದು ಓಣಿ ತುದಿಗೇ ಕೇಳಿಸುತ್ತದೆ, ಎಣ್ಣೆ ಬಿಡ್ರಿ ಎಂದರು. ಆಮೇಲೆ ಲೋಟ ಕೈಯಲ್ಲಿ ತಿರುಗಿಸುತ್ತ ಹೇಳಿದರು. “ಈಗ ಯಾರೂ ಏನೂ ಕೇಳಲ್ಲ ನೋಡ್ರಿ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಪ್ಯಾಂಟು ಶರಟು ಹಾಕ್ಕೊಂಡು ಕೂತಿರ್ತೀನಿ. ಹಾಲಿನೋನು ಒಬ್ಬ ಕೇಳ್ತಾನೆ, ಅರ್ಧ ಲೀಟ್ರಾ ಸರ್ ಅಂತ. ಅಷ್ಟೇ.”

ನಾನು ಏನಾದರೂ ಕೇಳಬೇಕಿತ್ತು. ಏನು ಕೇಳುವುದೆಂದು ಹೊಳೆಯಲಿಲ್ಲ. ಬಸ್ಸು ಎಷ್ಟೊತ್ತಿಗೆ ಐತೆ ಸರ್ರ ಎಂದೆ. ಅವರು ಅದಕ್ಕೂ ಸರಿಯಾಗಿ ಯೋಚನೆ ಮಾಡಿ, ಇಂಥದ್ದು ಹೋದರೆ ಇಂಥದ್ದು ಎಂದು ವಿವರವಾಗಿ ಉತ್ತರ ಹೇಳಿ, ಎದ್ದು ಹೋದರು.

ಈ ವರ್ಷ ಅಮಾವಾಸ್ಯೆಗೆ ಮುಂಚೆ ಫೋನ್ ಮಾಡಿದೆ. ಸ್ವಿಚ್ ಆಫ್. ಕಚೇರಿಗೆ ಹೋದೆ. ಅವರ ಮೇಜಿನಲ್ಲಿ ಚಿಕ್ಕ ವಯಸ್ಸಿನ ಗುಮಾಸ್ತ ಇದ್ದ, ಒಳ್ಳೆಯ ಮಾತಿನವನು. ಕಂಪ್ಯೂಟರ್ ಬಂದಿತ್ತು. ಸ್ಟೂಲು ಇರಲಿಲ್ಲ. “ಅವರು ತೀರಿಕೊಂಡ್ರಲ್ಲ ಮೇಡಂ, ಹಾರ್ಟು. ನಿಮಗೆ ಗೊತ್ತಾಗಲಿಲ್ವಾ?” ಎಂದ.

ನನ್ನ ಬಾಯಿಂದ ಮೊದಲು ಬಂದ ಮಾತು, “ಎಲ್ಲಿ ಮಣ್ಣು ಮಾಡಿದ್ರು?”

ಅವನು ತಬ್ಬಿಬ್ಬಾದ. “ಅದು ನಮ್ಮ ಆಫೀಸಿಗೆ ಬರಲ್ಲ ಮೇಡಂ.”

ಆಯಾ ಒರೆಸುವ ಬಟ್ಟೆ ಬಿಟ್ಟು ಬಂದು ನನ್ನ ಕೈ ಹಿಡಿದುಕೊಂಡಳು. “ಊರಿಗೇ ತಗೊಂಡು ಹೋದ್ರವ್ವ, ತಮ್ಮ ಬಂದಿದ್ದ,” ಎಂದು ಆನಗೋಡಿನಿಂದ ಎತ್ತ ಹೋಗಬೇಕೆಂದು ದಾರಿ ಹೇಳಿದಳು.

ಬಸ್‌ಸ್ಟ್ಯಾಂಡಿನ ಹತ್ತಿರ ಹೂವಿನವಳು ನನ್ನನ್ನು ನೋಡಿ, “ಯಾವಾಗಿನಂಗೇ ಏನವ್ವ, ಮೂರು ತುಂಡು?” ಎಂದಳು. ನಾನು ಹೂಂ ಅಂದಿರಬೇಕು. ಬಸ್ಸಿನಲ್ಲಿ ಕೂತು ಚೀಲ ನೋಡಿಕೊಂಡಾಗಲೇ ಗೊತ್ತಾದದ್ದು, ಮೂರು ಇದ್ದವು.

ಅವರ ತಮ್ಮ ಹೆಚ್ಚು ಮಾತಿಲ್ಲದ ಮನುಷ್ಯ. ಅಣ್ಣನದೇ ಮೂಗು. ದಾವಣಗೆರೆ ಕಡೆಯಿಂದ ಬಂದೆ, ಸರ್ರನ್ನ ಮಣ್ಣು ಮಾಡಿದ ಜಾಗ ನೋಡಬೇಕು ಎಂದಾಗ ಅವನ ಹೆಂಡತಿ ಒಳಗಿನಿಂದ ಬಂದು ಬಾಗಿಲಿಗೆ ಆತು ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ. ಹೆಂಡತಿಯೂ ಹಿಂದೆ ಬಂದಳು.

ಹೊಲದ ಬದುವಿನಲ್ಲಿ, ಬೇವಿನ ಗಿಡದ ಕೆಳಗೆ ಒಂದೇ ದಿಬ್ಬ. ನಾಯಿ ಕೆದರದ ಹಾಗೆ ಮುಳ್ಳು ಹಾಕಿದ್ದರು. “ಇದೇ ನೋಡ್ರಿ,” ಎಂದ. ಇದೇ. ಅಕ್ಕಪಕ್ಕದಲ್ಲಿ ಬೇರೆ ಯಾವುದೂ ಇರಲಿಲ್ಲ, ಕೇಳುವುದೇ ಬೇಕಿರಲಿಲ್ಲ. ಮುಳ್ಳು ಸರಿಸಿ ಒಂದು ತುಂಡು ಹೂವು ಇಟ್ಟೆ. ಉಳಿದೆರಡು ಕೈಯಲ್ಲಿದ್ದವು. ಅವನ್ನೂ ಅಲ್ಲೇ ಇಟ್ಟೆ.

ಅವನ ಹೆಂಡತಿ ತಡೆಯಲಾರದೆ ಕೇಳಿಯೇಬಿಟ್ಟಳು. “ನಮ್ಮ ಭಾವಾರಿಗೆ ನೀವು ಏನಾಗಬೇಕ್ರಿ?”

ನಾನು ಯೋಚಿಸಿದೆ. ಸುಳ್ಳು ಹೇಳುವ ಜಾಗ ಅದಾಗಿರಲಿಲ್ಲ.

“ಅರ್ಜಿದಾರಳವ್ವ,” ಎಂದೆ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅವನಿಗೆ ಏನು ಅರ್ಥವಾಯಿತೋ, ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಅರ್ಜಿ ಏನಾದ್ರೂ ಬಾಕಿ ಐತೇನ್ರಿ ಅಮ್ಮಾರ?”

“ಇಲ್ಲಪ್ಪ,” ಎಂದೆ. “ಉತ್ತರ ಕೊಟ್ಟಾರೆ.”